ಹಿಮದ ನಾಡಿನ ಕಲ್ಲುದೀಪ

ಮಕ್ಕಳೇ, ಎತ್ತ ನೋಡಿದರೂ ಹಿಮ. ಆದರೆ ಕುಡಿಯಲು ಒಂದು ಲೋಟ ನೀರಿಲ್ಲ. ಇದು ಒಗಟಲ್ಲ. ಉತ್ತರ ಧ್ರುವದ ಆಸುಪಾಸಿನ ಇನೂಯಿಟ್ ಜನರ ಹಿಂದಿನ ಕಾಲದ ದಿನನಿತ್ಯದ ಪಾಡು. ಹಿಮವನ್ನು ಹಾಗೇ ತಿಂದರೆ ಮೈ ಒಳಗಿನಿಂದಲೇ ತಣ್ಣಗಾಗುತ್ತದೆ. ಕರಗಿಸೋಣವೆಂದರೆ ಸೌದೆಯೆಲ್ಲಿ? ಅವರ ನೆಲದಲ್ಲಿ ಮರಗಳೇ ಬೆಳೆಯುವುದಿಲ್ಲ. ತಲೆತಲಾಂತರದಿಂದ ಅವರನ್ನು ಕಾಪಾಡಿದ್ದು ಒಂದು ದೀಪ. ಕೆನಡಾದ ಇನೂಯಿಟರು ಅದನ್ನು ‘ಕುಲ್ಲಿಕ್’ ಎನ್ನುತ್ತಾರೆ.

ಕುಲ್ಲಿಕ್ ಎಂದರೆ ಅರ್ಧಚಂದ್ರಾಕಾರದ, ಹೆಚ್ಚು ಆಳವಿಲ್ಲದ ಕಲ್ಲಿನ ತಟ್ಟೆ. ಯಾವ ಕಲ್ಲು ಗೊತ್ತೆ? ಹೆಚ್ಚಾಗಿ ಬಳಪದ ಕಲ್ಲು. ನಮ್ಮ ಬೇಲೂರು, ಹಳೇಬೀಡಿನ ಶಿಲ್ಪಗಳೂ ಇದೇ ಜಾತಿಯ ಕಲ್ಲಿನವು. ಮೆದುವಾದ್ದರಿಂದ ಕೆತ್ತುವುದು ಸುಲಭ, ಬೆಂಕಿಯನ್ನು ತಾಳಿಕೊಳ್ಳುತ್ತದೆ, ಒಮ್ಮೆ ಕಾದರೆ ಬೇಗ ಆರುವುದಿಲ್ಲ.

ಎಣ್ಣೆ ಸಿಗುವುದು ಸೀಲ್ ಎಂಬ ಕಡಲಪ್ರಾಣಿಯಿಂದ. ಅದರ ಚರ್ಮದಡಿ ದಪ್ಪ ಕೊಬ್ಬಿನ ಪದರವಿರುತ್ತದೆ. ಅದನ್ನು ಜಜ್ಜಿದರೆ ಎಣ್ಣೆ ಬಿಡುತ್ತದೆ. ಬತ್ತಿಗೆ ಒಣ ಪಾಚಿ, ಹತ್ತಿಯಂಥ ಬಿಳಿ ತುಪ್ಪುಳ ಬಿಡುವ ಒಂದು ಹುಲ್ಲು. ಇವೆರಡನ್ನೂ ಬೆರೆಸಿ ತಟ್ಟೆಯ ನೇರ ಅಂಚಿನುದ್ದಕ್ಕೂ ಇಟ್ಟು ಹಚ್ಚಿದರೆ ಪುಟ್ಟ ಪುಟ್ಟ ಕುಡಿಗಳ ಸಾಲು! ಅದರ ಮೇಲೆ ತೂಗುಹಾಕಿದ ಕಲ್ಲಿನ ಪಾತ್ರೆಯಲ್ಲಿ ಹಿಮ ಕರಗಿ ನೀರಾಗುತ್ತಿತ್ತು, ಮಾಂಸ ಬೇಯುತ್ತಿತ್ತು. ಇನ್ನೂ ಮೇಲಿನ ಅಟ್ಟಣಿಗೆಯಲ್ಲಿ ಒದ್ದೆ ಕೈಚೀಲ, ಪಾದರಕ್ಷೆಗಳು ಒಣಗುತ್ತಿದ್ದವು. ಇಗ್ಲೂ ಎಂಬ ಹಿಮದ ಮನೆಗೆ ಬೆಳಕೂ ಅದೇ, ಬಿಸಿಯೂ ಅದೇ.

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದೇ ಕೂದಲು ನರೆಸಿಕೊಂಡ ನನಗೆ ಈ ಲೆಕ್ಕ ಬಹಳ ಹಿಡಿಸಿತು. ಸೀಲಿನ ಮಾಂಸ ಊಟಕ್ಕೆ, ಚರ್ಮ ಉಡುಪಿಗೆ, ಕೊಬ್ಬು ದೀಪಕ್ಕೆ. ಯಾವುದೂ ವ್ಯರ್ಥವಿಲ್ಲ. ಆದರೆ ಉಳಿತಾಯ ಮಾತ್ರ ತೀರಾ ಕಡಿಮೆ. ಬಿರುಗಾಳಿ ಬೀಸಿ ಕೆಲವು ದಿನ ಬೇಟೆ ಸಿಗದಿದ್ದರೆ ಹಸಿವೊಂದೇ ಅಲ್ಲ, ದೀಪವೂ ಆರುತ್ತಿತ್ತು. ದೀಪ ಆರಿದರೆ ಕತ್ತಲೆ, ಚಳಿ, ಬಾಯಾರಿಕೆ ಮೂರೂ ಒಟ್ಟಿಗೆ.

ಹಾಗಾಗಿ ದೀಪ ನೋಡಿಕೊಳ್ಳುವುದು ದೊಡ್ಡ ಹೊಣೆ. ಅದು ಹೆಂಗಸರ ಕೈಯಲ್ಲಿತ್ತು. ಸುಮ್ಮನೆ ಬಿಟ್ಟರೆ ದೀಪ ಹೊಗೆಯಾಡುತ್ತದೆ. ಪುಟ್ಟ ಕಡ್ಡಿಯಿಂದ ಬತ್ತಿಯನ್ನು ಆಗಾಗ ಸರಿಪಡಿಸುತ್ತಲೇ ಇರಬೇಕು. ಹೆಣ್ಣುಮಕ್ಕಳು ಅಮ್ಮ, ಅಜ್ಜಿಯರ ಪಕ್ಕದಲ್ಲಿ ಕೂತು ಈ ಹದ ಕಲಿಯುತ್ತಿದ್ದರು.

ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ. ಇಗ್ಲೂಲಿಕ್ ಎಂಬಲ್ಲಿ ಸೂರ್ಯ ಮರಳಿ ಕಂಡಾಗ ಮಕ್ಕಳು ಮನೆಮನೆಗೆ ಓಡಿ ದೀಪಗಳನ್ನೆಲ್ಲ ಊದಿ ಆರಿಸುತ್ತಿದ್ದರು. ಆಮೇಲೆ ಹೊಸ ಬತ್ತಿ ಇಟ್ಟು, ಒಂದೇ ಜ್ವಾಲೆಯಿಂದ ಎಲ್ಲ ದೀಪಗಳನ್ನೂ ಹಚ್ಚುತ್ತಿದ್ದರು. ದೀಪ ಆರಿಸಿದ್ದಕ್ಕೆ ಬೈಗುಳ ಬೀಳದ ದಿನ ಅದೊಂದೇ ಇರಬೇಕು!

ಈಗ ಇನೂಯಿಟರ ಮನೆಗಳಿಗೆ ವಿದ್ಯುತ್ ಬಂದಿದೆ. ಆದರೂ ಕುಲ್ಲಿಕ್ ಮೂಲೆ ಸೇರಿಲ್ಲ. ಕೆನಡಾದಲ್ಲಿ 1999ರಲ್ಲಿ ರೂಪುಗೊಂಡ ನುನಾವುಟ್ ಪ್ರದೇಶದ ಲಾಂಛನದಲ್ಲಿ ಅದಿದೆ. 2021ರಲ್ಲಿ ಇನೂಯಿಟ್ ಮಹಿಳೆ ಮೇರಿ ಸೈಮನ್ ಕೆನಡಾದ ಗವರ್ನರ್ ಜನರಲ್ ಆದ ಸಮಾರಂಭದಲ್ಲೂ ಕುಲ್ಲಿಕ್ ಬೆಳಗಿತು. ಇಂಥ ಕಡೆ ದೀಪ ಹಚ್ಚುವವರು ಸಾಮಾನ್ಯವಾಗಿ ಹಿರಿಯ ಅಜ್ಜಿಯರು. ಪಕ್ಕದಲ್ಲಿ ಕೂತು ನೋಡುವ ಮೊಮ್ಮಗಳಿದ್ದರೆ ತಾನೆ ಮುಂದೆಯೂ ಅದು ಉರಿಯುವುದು?

ಅಜ್ಜ-ಅಜ್ಜಿಯರೇ, ನಿಮ್ಮ ಕೈಗಷ್ಟೇ ಗೊತ್ತಿರುವ ಹದ ಯಾವುದು? ಈ ಭಾನುವಾರ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕೆಲಸ ಮಾಡಿ. ಮಕ್ಕಳೇ, ನೀವು ಸುಮ್ಮನೆ ಕೂತು ನೋಡಿ. ಕಡ್ಡಿ ಕೈಗೆ ಸಿಗುವ ಸರದಿ ನಿಮಗೂ ಬರುತ್ತದೆ.