ಮೂರು ವರ್ಷದಿಂದ ಇಲ್ಲೇ ಅದೀನಿ

"ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್."

ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗ ಇಂಟರ್‌ವ್ಯೂನಲ್ಲಿ ಹೀಗಂದರೆ, "ಕಮ್ಯುನಿಕೇಷನ್ ವೀಕ್" ಅಂತ ಷರಾ ಬಿತ್ತು ಅಂತಲೇ ಲೆಕ್ಕ. ನನ್ನ ತಕರಾರು ಇಷ್ಟೇ. ಆ ಹುಡುಗನಿಗೆ ವ್ಯಾಕರಣ ಬರೋದಿಲ್ಲ ಅನ್ನೋದು ಸುಳ್ಳು. ಅವನ ಹತ್ತಿರ ಗಟ್ಟಿಯಾದ ವ್ಯಾಕರಣವೇ ಇದೆ, ಆದರೆ ಅದು ಕನ್ನಡದ್ದು. ಅದು ಇಂಗ್ಲಿಷಿಗೆ ಎಲ್ಲಿ ಹೊಂದುತ್ತೆ, ಎಲ್ಲಿ ಹೊಂದಲ್ಲ ಅಂತ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

ನಮ್ಮ ಕಡೆ ಮಾತನ್ನೇ ನೋಡಿ. "ಮೂರು ವರ್ಷದಿಂದ ಇಲ್ಲೇ ಅದೀನಿ" ಅಂತೀವಿ. "ಅದೀನಿ" ಅನ್ನೋದು ವರ್ತಮಾನ. ಹಿಂದಿನ ಮೂರು ವರ್ಷದ ಭಾರವನ್ನೆಲ್ಲ "ವರ್ಷದಿಂದ" ಅನ್ನೋ ಪದವೇ ಹೊರುತ್ತೆ. ಇಂಗ್ಲಿಷಿನಲ್ಲಿ ಆ ಭಾರಕ್ಕೆ ಕ್ರಿಯಾಪದವೂ ಹೆಗಲು ಕೊಡಬೇಕು: "ಐ ಹ್ಯಾವ್ ಬೀನ್ ಹಿಯರ್ ಫಾರ್ ತ್ರೀ ಇಯರ್ಸ್." ಮೇಲಾಗಿ ನಮ್ಮ ಒಂದೇ "ಇಂದ"ಕ್ಕೆ ಅಲ್ಲಿ ಎರಡು ಪದ. ಸೋಮವಾರದಿಂದ, 2019ರಿಂದ ಅಂತ ಶುರುವಾದ ಹೊತ್ತು ಹೇಳಿದರೆ ಸಿನ್ಸ್. ಮೂರು ವರ್ಷದಿಂದ, ಎರಡು ತಾಸಿನಿಂದ ಅಂತ ಅವಧಿ ಹೇಳಿದರೆ ಫಾರ್.

ಇನ್ನೊಂದು. "ಅವನ್ನ ನಿನ್ನೆನೇ ನೋಡೀನಿ" ಅಂದರೆ ನಮಗೆ ಯಾವ ತೊಂದರೆಯೂ ಇಲ್ಲ. ಅದನ್ನೇ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ" ಅಂತ ಮಾಡಿದರೆ ತಪ್ಪು. "ಯೆಸ್ಟರ್‌ಡೇ" ಅಂದರೆ ಮುಗಿದುಹೋದ ದಿನ, "ಹ್ಯಾವ್ ಸೀನ್" ಅಂದರೆ ಈ ಹೊತ್ತಿಗೂ ತಳುಕು ಹಾಕಿಕೊಂಡ ಕೆಲಸ. ಎರಡೂ ಒಂದೇ ವಾಕ್ಯದಲ್ಲಿ ಕೂರಲ್ಲ. ಯೆಸ್ಟರ್‌ಡೇ ತೆಗೆದುಬಿಡಿ, ವಾಕ್ಯ ಸರಿ. ಅಂದರೆ ತಪ್ಪು ಕ್ರಿಯಾಪದದ್ದಲ್ಲ, ಜೋಡಿಯದ್ದು.

ಈ ಜೋಡಿ ಬದಲಾದರೆ ಅರ್ಥವೇ ಬದಲಾಗೋದೂ ಉಂಟು. ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿ ಆಡಳಿತ ನೋಡಿಕೊಂಡವನು. "ಟೇಲರ್ ಲಿವ್ಡ್ ಇನ್ ಸುರಪುರ ಫಾರ್ ಮೆನಿ ಇಯರ್ಸ್" ಅಂದರೆ ಇತಿಹಾಸ. "ಟೇಲರ್ ಹ್ಯಾಸ್ ಲಿವ್ಡ್" ಅಂದಿರೋ, ಆ ಸಾಹೇಬ ಇವತ್ತೂ ಟೇಲರ್ ಮಂಜಿಲ್‌ನಲ್ಲಿ ಕೂತು ಚಹಾ ಕುಡೀತಿದ್ದಾನೆ ಅಂದಂಗಾಯ್ತು! ಸುರಪುರದ ಮಕ್ಕಳಿಗೆ ಈ ಒಂದು ಉದಾಹರಣೆ ಕೊಟ್ಟರೆ ಜನ್ಮಪೂರ್ತಿ ಮರೆಯಲ್ಲ. ಇಂಟರ್‌ವ್ಯೂನಲ್ಲೂ ಇದೇ ಕಥೆ. "ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್" ಅಂದರೆ ಆ ಕೆಲಸ ಬಿಟ್ಟಾಯ್ತು ಅಂತ ಕೇಳಿದವರು ತಿಳಿಯುತ್ತಾರೆ. ಇನ್ನೂ ಅಲ್ಲೇ ಇರುವವನು ಹಾಗಂದರೆ ಕೆಲಸವಿಲ್ಲದವನ ಲೆಕ್ಕಕ್ಕೆ ಬೀಳುತ್ತಾನೆ.

ಇದೆಲ್ಲ ಕನ್ನಡದವರ ತಲೆಗೆ ಹೋಗದ ಸೂಕ್ಷ್ಮವೇನಲ್ಲ. "ಒಂದು ತಾಸು ಪುಸ್ತಕ ಓದಿದೆ" ಅನ್ನೋದಕ್ಕೂ "ಒಂದು ತಾಸಿನ್ಯಾಗ ಪುಸ್ತಕ ಓದಿಬಿಟ್ಟೆ" ಅನ್ನೋದಕ್ಕೂ ಇರೋ ವ್ಯತ್ಯಾಸ ಶಾಲೆಗೆ ಸೇರದ ಮಗುವಿಗೂ ಗೊತ್ತು. ಮೊದಲನೆಯದರಲ್ಲಿ ಪುಸ್ತಕ ಮುಗಿದಿರಲೇಬೇಕಂತಿಲ್ಲ, ಎರಡನೆಯದರಲ್ಲಿ ಮುಗಿದಿದೆ. ಇಂಗ್ಲಿಷಿನ "ಫಾರ್ ಆ್ಯನ್ ಅವರ್", "ಇನ್ ಆ್ಯನ್ ಅವರ್" ಇದೇ ತಾನೆ? ಜೀನೋ ವೆಂಡ್ಲರ್ 1957ರಲ್ಲಿ ಕ್ರಿಯಾಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಪ್ರಸಿದ್ಧ ಲೇಖನ ಬರೆದದ್ದು ಇಂಥ ವ್ಯತ್ಯಾಸಗಳನ್ನು ಹಿಡಿದುಕೊಂಡೇ. ಶಹಾಪುರದ ಗುಡ್ಡ ತೋರಿಸಿ "ಬುದ್ಧ ಮಲಗ್ಯಾನ" ಅಂತೀವಲ್ಲ, ಅಲ್ಲೂ ಮಲಗೋ ಕೆಲಸ ಮುಗಿದಿದೆ, ಮಲಗಿದ ಸ್ಥಿತಿ ಉಳಿದಿದೆ. ಅದೇ ಇಂಗ್ಲಿಷಿನಲ್ಲಿ "ಈಸ್ ಸ್ಲೀಪಿಂಗ್" ಆಗುತ್ತೆ, "ಹ್ಯಾಸ್ ಸ್ಲೆಪ್ಟ್" ಅಲ್ಲ.

ಆದರೆ ಕ್ಲಾಸಿನಲ್ಲಿ ಸಿಗೋದೇನು? ಮೂರು ಕಾಲ, ಒಂದೊಂದಕ್ಕೆ ನಾಲ್ಕು ರೂಪ, ಒಟ್ಟು 12 ಮನೆಗಳ ಚಾರ್ಟು. ಮಗ್ಗಿಯಂತೆ ಬಾಯಿಪಾಠ. ಯಾವ ಮನೆಗೆ ಯಾವ ಕಾಲಸೂಚಕ ಪದ ಒಗ್ಗುತ್ತೆ ಅನ್ನೋ ಮುಖ್ಯ ವಿಷಯ ಕೊನೆಗೆ, ಅದೂ ಬಿಟ್ಟ ಸ್ಥಳ ತುಂಬಿರಿ ಅನ್ನೋದರಲ್ಲಿ. 2023 ಮತ್ತು 2024, ಎರಡೂ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. ಅದಕ್ಕೆ ಕಾರಣ ನೂರಿವೆ, ಟೆನ್ಸ್ ಚಾರ್ಟಿನ ತಲೆಗೇ ಎಲ್ಲ ಕಟ್ಟಲ್ಲ. ಆದರೆ ಮಗುವಿಗೆ ಆಗಲೇ ಗೊತ್ತಿರೋದರಿಂದ ಶುರುಮಾಡೋಕೆ ಖರ್ಚಂತೂ ಇಲ್ಲ. ಬೋರ್ಡಿನ ಎಡಕ್ಕೆ "ವರ್ಷದಿಂದ ಅದೀನಿ", ಬಲಕ್ಕೆ ಅದರ ಇಂಗ್ಲಿಷ್ ಜೋಡಿ. ಇಂಥ ಹತ್ತು ಜೋಡಿ ಸಾಕು.

"ಅರ್ಥವಾದರೆ ಸಾಕಲ್ಲ, ಇಷ್ಟೆಲ್ಲ ಯಾಕೆ?" ಅನ್ನೋರಿಗೆ ಅರ್ಧ ಒಪ್ಪುತ್ತೀನಿ. "ಸಿನ್ಸ್ ತ್ರೀ ಇಯರ್ಸ್" ಅಂದರೆ ಯಾರಿಗೆ ಅರ್ಥವಾಗಲ್ಲ ಹೇಳಿ? ಫ್ರೆಂಚರು, ಜರ್ಮನ್ನರು ಕೂಡ ತಮ್ಮ ಭಾಷೆಯಲ್ಲಿ ನಮ್ಮ ಹಾಗೆಯೇ ಮೂರು ವರ್ಷದಿಂದ ಅನ್ನೋದಕ್ಕೆ ವರ್ತಮಾನ ಕ್ರಿಯಾಪದವನ್ನೇ ಹಚ್ಚುತ್ತಾರೆ, ಇಂಗ್ಲಿಷಿಗೆ ಬಂದಾಗ ಇದೇ ತಪ್ಪು ಮಾಡುತ್ತಾರೆ. ಅವರದ್ದು ಫಾರಿನ್ ಶೈಲಿ, ಸುರಪುರದವನದ್ದು ಮಾತ್ರ ವೀಕ್ ಕಮ್ಯುನಿಕೇಷನ್ನಾ? ಇಂಟರ್‌ವ್ಯೂ ತಗೊಳ್ಳೋರು ಇದನ್ನು ದಾಟಿ ಹುಡುಗನ ಕೆಲಸ ನೋಡಲಿ. ಅರ್ಥ ಕೆಡೋ ಕಡೆ, ಅಂದರೆ ಟೇಲರ್ ಎದ್ದು ಬರೋ ಕಡೆ, ನಮ್ಮ ಹುಡುಗರು ಖಂಡಿತ ಕಲೀಲಿ.

ನಿಮ್ಮೂರಿನ ಕನ್ನಡದಲ್ಲಿ ಇಂಥ ಜೋಡಿಗಳು ಯಾವುವಿವೆ? ಬರೀರಿ, ಒಂದು ಪಟ್ಟಿ ಮಾಡೋಣ.