ಸೂತಕ ಹರಿದ ಮೇಲೂ ಉಳಿದ ಸಂಕೋಚ



ರಾಜರಾಜೇಶ್ವರಿನಗರದ ಪಿ.ಜಿ.ಗಳಲ್ಲಿ ಇರುವವರಲ್ಲಿ ನಮ್ಮ ಮಕ್ಕಳೂ ಬಹಳ. ಉತ್ತರದ ಜಿಲ್ಲೆಗಳಿಂದ ಓದಿಗೆ, ಕೆಲಸಕ್ಕೆ ಬಂದವರು. ಊರಿನ ಹಿರಿಯರದು ಒಂದೇ ದೂರು: ಔಷಧಿ ಅಂಗಡಿಯಲ್ಲಿ ಗರ್ಭನಿರೋಧಕ ಸುಲಭವಾಗಿ ಸಿಗುವಂತಾಗಿ ನೀತಿ ಕೆಟ್ಟಿತು.

ದೂರು ಹಳೆಯದೇ. 1930ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿ ಕೊಟ್ಟಿತು; ಜಗತ್ತಿನಲ್ಲೇ ಮೊದಲ ಸರ್ಕಾರಿ ಯತ್ನವೆಂದು ಅದು ಹೆಸರಾಗಿದೆ. 1935ರ ಡಿಸೆಂಬರಿನಲ್ಲಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದಾಗ ಗಾಂಧೀಜಿ ಕೃತಕ ಸಾಧನಗಳನ್ನು ಒಪ್ಪಲಿಲ್ಲ, ಸಂಯಮವೇ ದಾರಿ ಎಂದರು. ಸಂಯಮ ದೊಡ್ಡದು, ನಿಜ. ಆದರೆ ಗಂಡ ಅದನ್ನು ಪಾಲಿಸದಿದ್ದರೆ ಹೆರುವವಳು ಯಾರು?

ಹೆಣ್ಣುಮಕ್ಕಳನ್ನು ಓದಿಸಿದವರು ನಾವು, ಮದುವೆಯನ್ನು ಮುಂದೂಡಿದವರೂ ನಾವೇ. ಒಳ್ಳೆಯದನ್ನೇ ಮಾಡಿದೆವು. ಪ್ರಾಯಕ್ಕೂ ಮದುವೆಗೂ ನಡುವೆ ಹತ್ತು ಹದಿನೈದು ವರ್ಷ ಬಂದು ಕೂತಿತು. ಬದಲಾವಣೆ ಬಂದದ್ದು ಆ ದಾರಿಯಲ್ಲಿ, ಮಾತ್ರೆ ಆಮೇಲಿನದು.

ನೀತಿಯ ಪ್ರಶ್ನೆ ಎತ್ತಲೇಬೇಕಾದರೆ ಮದುವೆಯಾದವರ ಮನೆಯಿಂದ ಎತ್ತೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು. ಗಂಡಸರದು ಚಿಕ್ಕ, ಸುಲಭದ ಶಸ್ತ್ರಚಿಕಿತ್ಸೆ ಎಂಬುದು ಬೇರೆ ಮಾತು!

ಬಸವಾದಿ ಶರಣರು ಪಂಚಸೂತಕಗಳನ್ನು ಕಿತ್ತೆಸೆದರು. ರಜಸ್ಸೂತಕ ಅವುಗಳಲ್ಲೊಂದು. ಇಷ್ಟಲಿಂಗ ಧರಿಸಿದವಳಿಗೆ ಮುಟ್ಟಿನ ದಿನವೂ ಪೂಜೆಗೆ ಅಡ್ಡಿಯಿಲ್ಲ. ಸೂಳೆ ಸಂಕವ್ವೆಯನ್ನು ವಚನಕಾರ್ತಿಯೆಂದು ಗೌರವಿಸುವ ಪರಂಪರೆ ನಮ್ಮದು. ಅಂಥ ಮನೆಯಲ್ಲಿ ಬಿಳಿಮುಟ್ಟಿನ ತೊಂದರೆಯನ್ನು ಮಗಳು ತಾಯಿಗೆ ಹೇಳಲಾರಳು. ಕಾಂಡೋಮ್ ಎಂಬ ಪದ ಬಂದರೆ ಅಪ್ಪ ಎದ್ದು ಹೋಗುತ್ತಾರೆ. ಮಕ್ಕಳು ಮೊಬೈಲಿನಲ್ಲಿ ಕಲಿಯುತ್ತಾರೆ, ಅರ್ಧಂಬರ್ಧ. ತುರ್ತು ಮಾತ್ರೆ 72 ಗಂಟೆಯೊಳಗೆ ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು, ಅದು ದಿನಬಳಕೆಗಲ್ಲ, ಎಚ್.ಐ.ವಿ.ಯನ್ನಂತೂ ತಡೆಯದು ಎಂದು ಹೇಳುವ ಹಿರಿಯರಿಲ್ಲ. ಗರ್ಭಪಾತದ ಕಾನೂನಿನಲ್ಲಿ ವಿವಾಹಿತೆ, ಅವಿವಾಹಿತೆ ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಅದು ಗೊತ್ತಿಲ್ಲದ ಹುಡುಗಿ ಹೆದರಿ ಯಾರ ಕೈಗೆ ಸಿಗುತ್ತಾಳೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮಠಗಳಿಗೆ ಪ್ರಸಾದ ನಿಲಯಗಳಿವೆ, ಆಸ್ಪತ್ರೆಗಳಿವೆ, ವೈದ್ಯಕೀಯ ಕಾಲೇಜುಗಳೂ ಇವೆ. ವರ್ಷಕ್ಕೆರಡು ಸಲ ವೈದ್ಯರು ನಿಲಯಕ್ಕೇ ಬರಲಿ. ಹುಡುಗರಿಗೂ ಹುಡುಗಿಯರಿಗೂ ತಿಳಿಹೇಳಲಿ. ಆಮೇಲೆ ಒಬ್ಬೊಬ್ಬರೇ ಹೋಗಿ ಕೇಳುವಂತಿರಲಿ; ವಾರ್ಡನ್ ಎದುರಿಗಿರಬಾರದು, ಹೆಸರು ಬರೆದುಕೊಳ್ಳಬಾರದು. ಪೂಜ್ಯರು ಮನಸ್ಸು ಮಾಡಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಬಹುದು.