ಗೋಡೆಯ ಮೇಲಿನ ಅಡವಿ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳ ಗೋಡೆಗಳ ಮೇಲೆ ಕಾಡು ಬೆಳೆಯುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಬೆಂಗಳೂರಿನ ಮೇಲ್ಸೇತುವೆಯ ಕಂಬಗಳಿಗೆ ಬಳ್ಳಿ ಹಬ್ಬಿದೆ. ಆವರಣದ ಗೋಡೆಯಲ್ಲಿ ನವಿಲು ಗರಿಗೆದರಿದೆ. ಆನೆಗಳ ಹಿಂಡು ನೀರಿಗಿಳಿದಿದೆ. ಎಲ್ಲವೂ ಬಣ್ಣದ್ದು. ಇದನ್ನು ಕಂಡು ಹಿಗ್ಗುವವರುಂಟು, ಹಲುಬುವವರೂ ಉಂಟು. ಇವರಲ್ಲಿ ಯಾರ ಭಾವ ನ್ಯಾಯವಾದುದೆಂದು ಸ್ವಲ್ಪ ವಿಚಾರಮಾಡಿ ನೋಡಬೇಕೆಂದು ನನ್ನ ಆಸೆ.

ಬೆಂಗಳೂರಿನಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು 2009ರಲ್ಲಿ. ಗೋಡೆಗಳನ್ನು ಭಿತ್ತಿಪತ್ರಗಳ ಹಾವಳಿಯಿಂದ ಉಳಿಸಲೆಂದು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಸಿನಿಮಾ ಫಲಕಗಳನ್ನು ಬರೆಯುತ್ತಿದ್ದ ಕಲಾವಿದರನ್ನು ಕರೆಯಿತು. ಫ್ಲೆಕ್ಸ್ ಬಂದಮೇಲೆ ಕೆಲಸವಿಲ್ಲದೆ ಒಣಗಿದ್ದ ಕುಂಚಗಳು ಹಂಪೆಯನ್ನೂ ಜೋಗವನ್ನೂ ಹುಲಿ ಆನೆಗಳನ್ನೂ ಬೀದಿಗೆ ತಂದವು. ಕಲಾವಿದನಿಗೆ ಅನ್ನ, ಗೋಡೆಗೆ ಮಾನ. ಇಷ್ಟರಮಟ್ಟಿಗೆ ಅದು ಸತ್ಕಾರ್ಯವೇ. ಆದರೆ ಅದೇ 2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಲಾಲ್‌ಬಾಗಿನ ಆವರಣವನ್ನು ಒಡೆದು ಅಂಚಿನ ಮರಗಳನ್ನು ಉರುಳಿಸಿದರು. ಊರಿನ ಒಂದು ಕೈ ಮರ ಬರೆಯುತ್ತಿದ್ದಾಗ ಇನ್ನೊಂದು ಕೈ ಮರ ಕಡಿಯುತ್ತಿತ್ತು.

ಇಲ್ಲಿಯೇ ನನ್ನ ಅಳುಕು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಲೆಕ್ಕದಂತೆ 1973ರಿಂದ 2016ರವರೆಗೆ ಬೆಂಗಳೂರಿನ ಹಸಿರು ಶೇಕಡಾ 88ರಷ್ಟೂ ಕೆರೆಕುಂಟೆಗಳು ಶೇಕಡಾ 79ರಷ್ಟೂ ಕುಗ್ಗಿವೆ. ಇಂಥ ಊರಿನಲ್ಲಿ ಬಣ್ಣದ ಅಡವಿ ಕನ್ನಡಿಯೊಳಗಿನ ಗಂಟು. ಬರೆದ ಮರದಡಿಯಲ್ಲಿ ನೆರಳಿಲ್ಲ. ಅದರ ಕೊಂಬೆಯಲ್ಲಿ ಗೂಡಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅದರ ಕಾಂಡ ಕಾದ ಗೋಡೆಯೇ. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಕ್ರುಂಬಿಗಲ್ಲರು ಋತುವಿಗೊಂದು ಮರ ಹೂಬಿಡುವಂತೆ ಬೀದಿಗಳ ಸಾಲುಮರಗಳನ್ನು ಯೋಜಿಸಿದರು. ಅವರ ಚಿತ್ರಪಟ ವರ್ಷವಿಡೀ ತಾನಾಗಿ ಬಣ್ಣ ಬದಲಿಸುತ್ತಿತ್ತು. ನಮ್ಮದು ಎರಡು ಮಳೆಗಾಲದಲ್ಲಿ ಮಾಸುತ್ತದೆ. ಅಪಾಯವಿರುವುದು ಮಾಸುವುದರಲ್ಲಿ ಅಲ್ಲ, ಕಣ್ಣು ತಣಿದು ಕೊರತೆಯೇ ಮರೆತುಹೋಗುವುದರಲ್ಲಿ.

ಹಾಗೆಂದು ಬೀದಿಯ ಕಲೆಯನ್ನೇ ತಳ್ಳಿಹಾಕುವುದು ಅನ್ಯಾಯ. 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳವಾಗಿಸಿ ಅದರಲ್ಲೊಂದು ಮೊಸಳೆಯನ್ನು ತೇಲಿಬಿಟ್ಟದ್ದು ಅನೇಕರಿಗೆ ನೆನಪಿದೆ. ಅದೂ ಪ್ರಕೃತಿಯ ಚಿತ್ರವೇ. ಆದರೆ ಅಲಂಕಾರವಲ್ಲ, ಅಹವಾಲು. ಜನ ನಕ್ಕರು, ನಕ್ಕಮೇಲೆ ಗುಂಡಿಯನ್ನು ನೋಡಿದರು, ಅಧಿಕಾರಿಗಳು ದುರಸ್ತಿಗೆ ಬಂದರು. ಆ ಮೊಸಳೆಯ ಶಕ್ತಿ ಅದರ ಸ್ಥಳದಲ್ಲಿತ್ತು. ಅದನ್ನು ಎತ್ತಿ ಉದ್ಯಾನದಲ್ಲಿಟ್ಟಿದ್ದರೆ ಮಕ್ಕಳ ಆಟಿಕೆಯಾಗುತ್ತಿತ್ತು. ಜೋಗದ ಚಿತ್ರವಾದರೋ ಯಾವ ಬೀದಿಯಲ್ಲಿದ್ದರೂ ಒಂದೇ. ಆದ್ದರಿಂದ ಅದು ಯಾವ ಬೀದಿಯನ್ನೂ ಪ್ರಶ್ನಿಸುವುದಿಲ್ಲ.

ನನಗೆ ತೋರುವಂತೆ ವಿವೇಚನೆಯ ಒರೆಗಲ್ಲು ಇದೇ: ಚಿತ್ರವು ತಾನು ನಿಂತ ನೆಲದ ಮಾತನ್ನಾಡುತ್ತಿದೆಯೇ? ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ. ನಿತ್ಯವೂ ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಇದರ ಅರಿವುಂಟು? ನಾವು ಮರೆತರೂ ನೀರು ಮರೆಯದು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಕೆರೆಗಳು ಉಕ್ಕಿ, ಬಡವನ ಗುಡಿಸಲೆನ್ನದೆ ಸಿರಿವಂತರ ಬಡಾವಣೆಯೆನ್ನದೆ ನುಗ್ಗಿದಾಗ, ರಾಜಕಾಲುವೆಗಳ ಹಳೆಯ ದಾರಿ ಯಾವುದೆಂದು ಊರೆಲ್ಲ ವಿಚಾರಿಸತೊಡಗಿತು. ಆ ದಾರಿಯನ್ನು ಗೋಡೆಗಳ ಮೇಲೆಯೇ ಬರೆಯಿಸಬಾರದೇಕೆ? ಇಲ್ಲಿ ಕೆರೆಯ ಏರಿಯಿತ್ತು, ಇಲ್ಲಿ ಕೋಡಿ ಹರಿಯುತ್ತಿತ್ತು, ನೆರೆ ಇಷ್ಟೆತ್ತರಕ್ಕೆ ಬಂದಿತ್ತು ಎಂದು ಒಂದು ನೀಲಿ ಗೆರೆ ಹೇಳಿದರೆ, ನಿವೇಶನ ಕೊಳ್ಳಬಂದವನು ಓದಿಕೊಳ್ಳುತ್ತಾನೆ. ಪರವಾನಗಿ ಕೊಡುವವನು ಓದಿಲ್ಲವೆಂದು ನಟಿಸಲಾರ.

ಕಲಾವಿದರಿಗೆ ಗೋಡೆ ಕೊಡುವವರು ಈ ಸ್ವಾತಂತ್ರ್ಯವನ್ನೂ ಕೊಡಬೇಕು. ಮುಚ್ಚಿದ್ದನ್ನು ತೋರಿಸುವ ಚಿತ್ರ ಊರಿಗೆ ಉಪಕಾರಿ. ಕಡಿದದ್ದನ್ನು ಮುಚ್ಚಿಡುವ ಚಿತ್ರ ಎಷ್ಟೇ ಸುಂದರವಾದರೂ ಬರಿಯ ಸುಣ್ಣ.